ಎಡಗೆನ್ನೆಯ ಮಚ್ಚೆ

ನಮ್ಮೂರಿನಲ್ಲಿ ಜನರನ್ನು ಹೆಸರು ಕೇಳದೆ ಗುರುತು ಹಿಡಿಯುವವರು ಇಬ್ಬರೇ. ಒಬ್ಬ ಮೆಟ್ಟು ಹೊಲಿಯುವ ಕರಿಯಣ್ಣ, ಅವನು ಪಾದ ನೋಡಿ ಹೇಳುತ್ತಾನೆ. ಇನ್ನೊಬ್ಬಳು ನಾನು, ರವಿಕೆ ಹೊಲಿಯುವವಳು. ಮುಖ ಎಷ್ಟು ಸಲ ಬದಲಾದರೂ ಹೆಗಲು ಬದಲಾಗುವುದಿಲ್ಲ, ಬೆನ್ನಿನ ಅಗಲ ಬದಲಾಗುವುದಿಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒಂದು ಕಾಗದವನ್ನು ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಸಾರು ಅರ್ಧ ಇಂಗಿರುತ್ತದೆ. ಆದರೆ ಒಮ್ಮೆ ಟೇಪು ಹಿಡಿದ ಮೈಯನ್ನು ಮರೆತವಳಲ್ಲ. ಮಿಷನ್ ದ್ಯಾವಕ್ಕನಿಗೆ ನೆನಪು ತಪ್ಪುವುದಿಲ್ಲ ಎಂದು ಊರಿನಲ್ಲಿ ಮಾತಿತ್ತು, ನನಗೂ ಅದರ ಹೆಮ್ಮೆ ಇತ್ತು. ಆ ಹೆಮ್ಮೆ ಒಂದು ಪಾಡ್ಯದ ದಿನ ಮುರಿಯಿತು.

ಅಮಾವಾಸ್ಯೆ ಕಳೆದು ಪಾಡ್ಯದ ಬೆಳಗ್ಗೆ ನಾವು ಹೊಸ ಮುಖದಲ್ಲಿ ಏಳುತ್ತೇವೆ. ವಯಸ್ಸು ಅಷ್ಟೇ, ದನಿ ಅದೇ, ನಡಿಗೆ ಅದೇ; ಮೂಗು, ಹುಬ್ಬು, ತುಟಿ, ಕೆನ್ನೆ ಬೇರೆ. ಹೀಗೆ ಬಂದ ಮುಖಕ್ಕೆ ನಾವು ನೆಂಟರು ಎನ್ನುತ್ತೇವೆ. ಬರುತ್ತಾರೆ, ಒಂದು ತಿಂಗಳು ಇರುತ್ತಾರೆ, ಹೋಗುತ್ತಾರೆ. ಪಾಡ್ಯದ ದಿನ ಎದುರಾದವರು ಮೊದಲು ತಮ್ಮ ಹೆಸರು ಹೇಳಿಕೊಂಡು ಆಮೇಲೆ ಮಾತಾಡಬೇಕು, ಇದು ಊರಿನ ಕಟ್ಟು. ನಲ್ಲಿಯ ಹತ್ತಿರ ಅವತ್ತು ಸಂತೆಗಿಂತ ಗದ್ದಲ. “ನಾನು ಮಾಳಕ್ಕ. ಏನಕ್ಕ ಈ ತಿಂಗಳು ನಿನ್ ನೆಂಟರು ಇಷ್ಟು ಮೂತಿ ಉಬ್ಬಿಸ್ಕೊಂಡವ್ರೆ?” “ನಾನು ದ್ಯಾವಕ್ಕ. ನಿನ್ ನೆಂಟರಿಗೆ ಹಲ್ಲು ಜಾಸ್ತಿ ಬಂದಂಗಿದೆ, ನೋಡ್ಕೊಳವ್ವ.” ಹೀಗೆ ನಕ್ಕು ನೀರು ಹಿಡಿದುಕೊಂಡು ಬರುತ್ತೇವೆ. ಫೋಟೋ ತೆಗೆಸುವವರು ನಮ್ಮಲ್ಲಿ ಕಡಿಮೆ. ತೆಗೆಸಿ ಗೋಡೆಗೆ ಹಾಕಿದರೆ ಮುಂದಿನ ತಿಂಗಳು ಅದು ಯಾರೋ ಪರರ ಫೋಟೋ.

ಮಕ್ಕಳಿಗೆ ಇದು ಮೊದಲ ಹಾಲುಹಲ್ಲು ಬಿದ್ದ ತಿಂಗಳಿನಿಂದ ಶುರು. ಅದಕ್ಕೆ ಮೊದಲೇ ಊರು ಬಿಟ್ಟು ಹೋದ ಮಗುವಿಗೆ ಹುಟ್ಟಿದಾಗ ಬಂದ ಮುಖವೇ ಕೊನೆವರೆಗೆ. ಆಮೇಲೆ ಬಿಟ್ಟವರು ಯಾವ ಊರಿಗೆ ಹೋದರೂ ನೆಂಟರು ಬೆನ್ನು ಹತ್ತಿ ಬರುತ್ತಾರೆ.

ಇಂದ್ರಾಣಿ ನನ್ನ ಪಕ್ಕದ ಮನೆಯವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಅವಳ ಗಂಡ ಲೋಕಪ್ಪ ಕರೆಂಟು ಕಂಬ ನೆಡುವ ಕೆಲಸಕ್ಕೆ ಹೊರಗಿನಿಂದ ಬಂದು ಇಲ್ಲೇ ಮದುವೆಯಾದವನು. ಕೆಟ್ಟವನಲ್ಲ. ಆದರೆ “ತಿಂಗಳಿಗೊಬ್ಳು ಹೆಂಡ್ತಿ, ಪುಣ್ಯವಂತ ಕಣಯ್ಯ ನೀನು” ಎಂದು ಊರ ಗಂಡಸರು ರೇಗಿಸಿದರೆ ಅವನಿಗೆ ನಗು ಬರುತ್ತಿರಲಿಲ್ಲ. ಮಗಳು ನೀಲು ನಾಲ್ಕು ತುಂಬಿದಾಗ ಅವನು ಒಂದು ದಿನ ಊಟದ ತಟ್ಟೆ ಸರಿಸಿ, “ನನ್ ಮಗಳಿಗಾದ್ರೂ ಒಂದು ಮುಖ ಇರ್ಲಿ ಇಂದ್ರಿ. ಹಲ್ಲು ಬೀಳೋಕೆ ಮುಂಚೆ ನಮ್ಮವ್ವನ ಹತ್ರ ಬಿಡ್ತೀನಿ,” ಎಂದ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಮಗುವಿನ ಬಟ್ಟೆ ಮಡಿಸಿಟ್ಟಳು. ತನಗಿಲ್ಲದ್ದು ಮಗಳಿಗೆ ಸಿಗಲಿ ಎಂದೇ ಕಳಿಸಿದಳು, ಬೇರೆ ಏನೂ ಅಲ್ಲ. ಹೊರಡುವ ದಿನ ಊರಿಗೆ ಬಂದಿದ್ದ ಕ್ಯಾಮರಾದವನ ಮುಂದೆ ತಾಯಿಯ ತೊಡೆಯ ಮೇಲೆ ಮಗುವನ್ನು ಕೂರಿಸಿ ಒಂದು ಫೋಟೋ ತೆಗೆಸಿದರು. ಫೋಟೋ ಗಂಡನ ಜೇಬಿಗೆ ಹೋಯಿತು.

ಅದರ ಮುಂದಿನ ತಿಂಗಳು ಅವಳು ಮಗಳನ್ನು ನೋಡಲು ಹೋದಳು. ಮುಖ ಬದಲಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತು, “ಯಾರವ್ವ ನೀನು, ಯಾರ ಮನೆ ಬೇಕಿತ್ತು?” ಎಂದಳಂತೆ. ಆ ಮುದುಕಿ ಗೊತ್ತಾಗದೆ ಕೇಳಿದಳೋ ಗೊತ್ತಿದ್ದೇ ಕೇಳಿದಳೋ ದೇವರಿಗೇ ಗೊತ್ತು. ಮಗು ಮಾತ್ರ ಅಜ್ಜಿಯ ಸೆರಗಿನ ಹಿಂದೆ ಬಚ್ಚಿಟ್ಟುಕೊಂಡು, “ಇವ್ರು ಬೇಡ, ಅಮ್ಮ ಬೇಕು” ಎಂದು ಅತ್ತಿತು. ನಮ್ಮೂರಿನಲ್ಲಿ ಮಕ್ಕಳು ತಾಯಿಯನ್ನು ಮೈಯ ವಾಸನೆಯಿಂದ ಕಂಡುಕೊಳ್ಳುತ್ತಾರೆ. ಒಂದು ತಿಂಗಳು ಬೇರೆ ಸೋಪು ಹಚ್ಚಿ ಬೆಳೆದ ಮಗುವಿಗೆ ಅದೂ ಮರೆತಿತ್ತು.

ಬಸ್ಸಿಳಿದವಳು ಮನೆಗೆ ಹೋಗದೆ ನೇರ ನನ್ನ ಮಿಷನ್ನಿನ ಮುಂದೆ ಬಂದು ನಿಂತಳು. “ಅಕ್ಕಯ್ಯ, ಹೋದ ತಿಂಗಳ ಮುಖ ಹೊಲ್ಕೊಡು,” ಎಂದಳು.

ನಾನು ನಗಲಿಲ್ಲ. ರವಿಕೆ ಬಟ್ಟೆ ಬರುವ ಡಬ್ಬಿಯ ರಟ್ಟು ತೆಗೆದುಕೊಂಡೆ. ಹಳೇ ರವಿಕೆ ಇಟ್ಟುಕೊಂಡು ಹೊಸದಕ್ಕೆ ಕಟಿಂಗ್ ತೆಗೆಯುವಂತೆ, ನೆನಪು ಇಟ್ಟುಕೊಂಡು ಮುಖಕ್ಕೆ ಕಟಿಂಗ್ ತೆಗೆದೆ. ಹೋದ ತಿಂಗಳು ಅವಳ ಹುಬ್ಬು ತೆಳ್ಳಗೆ, ಒಂದರ ತುದಿಯಲ್ಲಿ ಜೋಳದ ಕಾಳಿನಷ್ಟು ಖಾಲಿ ಜಾಗ. ಅದೇ ಕಡೆಯ ಕೆನ್ನೆಯ ಮೇಲೆ ಒಂದು ಮಚ್ಚೆ. ಅದಕ್ಕೆಲ್ಲ ಕತ್ತರಿಯ ಮೊನೆಯಿಂದ ರಟ್ಟಿನಲ್ಲಿ ಕಿಂಡಿ ಮಾಡಿದೆ. ಮುಖದ ಮೇಲಿಟ್ಟು ಕಿಂಡಿಯೊಳಗೆ ಕಾಡಿಗೆ ತೀಡಿದರೆ ಆಯಿತು. ಮೂಗಿನ ಎರಡು ಪಕ್ಕಕ್ಕೆ ಪೌಡರಿನಲ್ಲಿ ಕಲಸಿದ ಮಸಿಯ ನೆರಳು, ತುಟಿಯ ಅಂಚಿಗೆ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮ.

“ಮಚ್ಚೆ ಯಾವ್ ಕಡೆ ಇತ್ತೇ ಇಂದ್ರಿ?”

ಅವಳು ಎರಡೂ ಕೆನ್ನೆ ಸವರಿಕೊಂಡಳು. “ಒಂದು ತಿಂಗಳಿದ್ದ ಮುಖ, ನಂಗೇನ್ ಗೊತ್ತಕ್ಕಯ್ಯ? ಎದುರಿಗೆ ಕೂತು ನೋಡ್ದೋಳು ನೀನು.”

“ಎಡಕ್ಕೆ,” ಎಂದೆ. ಯೋಚನೆಯನ್ನೇ ಮಾಡಲಿಲ್ಲ. ನೆನಪು ಅಷ್ಟು ಖಚಿತವಾಗಿತ್ತು.

ಆ ಮುಖ ಹಾಕಿಕೊಂಡು ಅವಳು ಮತ್ತೆ ಹೋದಾಗ ಮನೆಗೆ ಬೀಗ. ಕಂಬದ ಕೆಲಸ ಬೇರೆ ಸೀಮೆಗೆ ಹೋಯಿತೆಂದು ಲೋಕಪ್ಪ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಹೊರಟುಹೋಗಿದ್ದ. ಯಾವ ಊರೆಂದು ಪಕ್ಕದ ಮನೆಯವರಿಗೂ ತಿಳಿಯದು. ಇಂದ್ರಾಣಿ ವಾಪಸು ಬಂದಳು, ಮಾರನೇ ದಿನ ಬೆಳಗ್ಗೆ ಮತ್ತೆ ರಟ್ಟು ಹಿಡಿದು ಕನ್ನಡಿಯ ಮುಂದೆ ಕೂತಳು. ಅದರ ಮಾರನೇ ದಿನವೂ. ಹೀಗೆ ಇಪ್ಪತ್ತೇಳು ವರ್ಷ. ಪಾಡ್ಯಕ್ಕೆ ಮಾತ್ರ ನನ್ನ ಹತ್ತಿರ ಬರುತ್ತಿದ್ದಳು. ಹೊಸ ನೆಂಟರ ಮೂಗು ಅಗಲವೋ, ಹಣೆ ಚಿಕ್ಕದೋ ನೋಡಿ ಯಾವುದಕ್ಕೆ ಎಷ್ಟು ನೆರಳು ಬೇಕೆಂದು ನಾನು ಹೇಳಿಕೊಡಬೇಕು. ರಟ್ಟು ಹರಿದಾಗ ಅದನ್ನೇ ಇಟ್ಟು ಹೊಸ ರಟ್ಟು ಕತ್ತರಿಸುತ್ತಿದ್ದೆ. ಸುಕ್ಕು ತಾನಾಗಿಯೇ ಬಂತು, ಅದಕ್ಕೆ ಕಿಂಡಿ ಬೇಕಾಗಲಿಲ್ಲ.

ಊರಿನಲ್ಲಿ ಹೆಸರು ಹೇಳದೆ ಗುರುತು ಸಿಗುವ ಹೆಂಗಸು ಅವಳೊಬ್ಬಳೇ ಆದಳು. ಇದು ಕೆಲವರಿಗೆ ಸರಿಬರಲಿಲ್ಲ. ಮನೆಗೆ ಬಂದ ನೆಂಟರ ಮುಖಕ್ಕೆ ಬಟ್ಟೆ ಹಾಕಿ ಮುಚ್ಚಿದ ಹಾಗೆ ಎಂದರು. ಮಾಳಕ್ಕನ ಬಾಯಿಗಂತೂ ಬೀಗವೇ ಇಲ್ಲ. “ಗಂಡ ಬಿಟ್ಟೋದೋಳಿಗೆ ಇಷ್ಟೊಂದು ಬಣ್ಣ ಯಾಕವ್ವ? ಯಾರು ನೋಡ್ಬೇಕೂಂತ?”

“ನೋಡೋರು ಬಂದಾಗ ನೀನೇ ನೋಡೀಯಂತೆ ಬಿಡಕ್ಕ,” ಎನ್ನುತ್ತಿದ್ದಳು ಇಂದ್ರಾಣಿ, ಕೊಡ ಸೊಂಟಕ್ಕೇರಿಸಿ.

ಒಮ್ಮೆ ನಾನೇ ಕೇಳಿದೆ. ಹದಿನೈದು ವರ್ಷವಾಗಿತ್ತು. “ಇನ್ನೂ ಬರ್ತಾಳೆ ಅಂತೀಯೇನೇ?” ಅವಳು ಕಾಡಿಗೆಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, “ಬರ್ಲಿ ಬಿಡ್ಲಿ ಅಕ್ಕಯ್ಯ. ಬೆಳಿಗ್ಗೆ ಎದ್ದು ಇದನ್ನ ಬರ್ಕೊಂಡಾಗ್ಲೇ ನಾನು ನನ್ ಮನೇಲಿದ್ದೀನಿ ಅನ್ಸೋದು. ಬರ್ಕೊಳೋವರೆಗೂ ಯಾರ್ದೋ ಮನೇಲಿ ಚಾಪೆ ಮೇಲೆ ಕೂತಂಗಿರ್ತದೆ,” ಎಂದಳು. ನಾನು ಆ ಮಾತನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಆ ಪಾಡ್ಯದ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಟಪಾಲಿನ ಈರಣ್ಣ ಸೈಕಲ್ಲನ್ನು ಅರ್ಧ ಬೀಳಿಸಿ ಅರ್ಧ ನಿಲ್ಲಿಸಿ ನನ್ನ ಜಗುಲಿ ಹತ್ತಿದ. ಹಿಂದೆಯೇ ಇಂದ್ರಾಣಿ, ಬರೆಯದ ಮುಖದಲ್ಲಿ. ಆ ತಿಂಗಳು ಅವಳಿಗೆ ಅಗಲ ಮೂಗು, ಪೊದೆ ಹುಬ್ಬು, ದುಂಡು ಗಲ್ಲ. ಹೆಗಲು ನೋಡಿ ಅವಳೆಂದು ತಿಳಿದೆ. ಕೈಯಲ್ಲಿದ್ದ ಒಡೆದ ಕಾಗದವನ್ನು ಅವನ ಕಡೆ ಚಾಚಿದಳು.

“ನಾನು ಈರಣ್ಣ,” ಎಂದ ಅವನು ಏದುಸಿರಿನಲ್ಲಿ. “ಇನ್ನೊಂದ್ಸಲ ಓದ್ತೀನಿ, ಕೇಳಕ್ಕ.” ಓದಿದ. “ಇಂದ್ರಾಣಮ್ಮನವರಿಗೆ, ನಾನು ನೀಲಾವತಿ. ನೀವು ತೀರಿಕೊಂಡಿದ್ದೀರಿ ಎಂದೇ ನನಗೆ ಹೇಳಿದ್ದರು. ಅಪ್ಪ ಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಫೋಟೋ ಸಿಕ್ಕಿತು. ಅದರ ಹಿಂದೆ ನಿಮ್ಮ ಹೆಸರು, ಊರು ಬರೆದಿತ್ತು. ವಿಚಾರಿಸಿದೆ, ನೀವು ಇದ್ದೀರಿ ಎಂದರು. ಫೋಟೋದ ನಕಲು ಇದರ ಜೊತೆ ಇಟ್ಟಿದ್ದೇನೆ. ಹನ್ನೆರಡನೇ ತಾರೀಕು ಮೂರು ಗಂಟೆಯ ಬಸ್ಸಿಗೆ ಬರುತ್ತೇನೆ. ನೀವು ಬಸ್ ಸ್ಟ್ಯಾಂಡಿಗೆ ಬನ್ನಿ. ಫೋಟೋ ಇದೆ, ನಾನೇ ಗುರುತು ಹಿಡಿಯುತ್ತೇನೆ.”

“ಹನ್ನೆರಡು ಯಾವಾಗ?” ಎಂದೆ.

“ಇವತ್ತೇ ಕಣಕ್ಕ! ಇವತ್ತೇ!” ಎಂದು ಈರಣ್ಣ ಕುಣಿದೇಬಿಟ್ಟ.

ಇಂದ್ರಾಣಿ ಫೋಟೋ ನನ್ನ ಮುಂದೆ ಹಿಡಿದಳು. “ನೋಡಕ್ಕಯ್ಯ, ನೋಡು! ನನ್ ಕನ್ನಡೀಲಿ ದಿನಾ ಕಾಣೋ ಹಂಗೇ ಐತೆ. ಒಂದು ಎಳೆ ಹೆಚ್ಚುಕಮ್ಮಿ ಇಲ್ಲ. ಎಂಥಾ ನೆನಪೇ ನಿಂದು!” ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. “ಬೇಗ ಕೂತ್ಕೋ. ಈ ದರಿದ್ರ ಮೂಗಿಗೆ ನೆರಳು ಜಾಸ್ತಿ ಬೇಕು.”

ಅವಳನ್ನು ಮಣೆಯ ಮೇಲೆ ಕೂರಿಸಿ, ಫೋಟೋವನ್ನು ಮಿಷನ್ನಿಗೆ ಒರಗಿಸಿಟ್ಟು ಬರೆಯತೊಡಗಿದೆ. ಪೌಡರು, ನೆರಳು, ಹುಬ್ಬು, ತುಟಿ ಎಲ್ಲ ಮುಗಿಸಿ, ಮಚ್ಚೆಯ ಕಿಂಡಿಗೆ ಕಾಡಿಗೆ ಒತ್ತಿ, ರಟ್ಟು ತೆಗೆದು, ಸರಿಯಾಯಿತೇ ಎಂದು ಅವಳನ್ನೂ ಫೋಟೋವನ್ನೂ ಒಟ್ಟಿಗೆ ನೋಡಿದೆ.

ಫೋಟೋದಲ್ಲಿ ಮಚ್ಚೆ ಬಲಗೆನ್ನೆಯ ಮೇಲಿತ್ತು. ತುದಿ ಮುರಿದ ಹುಬ್ಬು ಬಲಗಡೆಯದು. ನಾನು ಇಪ್ಪತ್ತೇಳು ವರ್ಷ ಬರೆಸಿದ್ದು ಎಡಗಡೆ. ಎದುರಿಗೆ ಕೂತು ನೋಡಿದವಳು ನಾನು. ನನ್ನ ಎಡಗೈ ಕಡೆ ಇದ್ದದ್ದನ್ನು ಎಡ ಎಂದುಬಿಟ್ಟಿದ್ದೆ. ಎದುರಿಗೆ ನಿಂತವರ ಎಡ ನನ್ನ ಬಲ ಎಂಬುದು ಕತ್ತರಿ ಹಿಡಿದ ಮೊದಲ ದಿನ ಕಲಿಯುವ ಪಾಠ. ಬಟ್ಟೆಯಾದರೆ ಸವರಿದರೆ ಉಲ್ಟಾ ಸೀದಾ ಬೆರಳಿಗೆ ತಿಳಿಯುತ್ತದೆ. ರಟ್ಟಿಗೆ ಎರಡು ಮೈಯೂ ಒಂದೇ.

ಸುಮ್ಮನಿದ್ದುಬಿಡಲೇ ಎಂದುಕೊಂಡೆ. ಆದರೆ ಆ ಹುಡುಗಿ ಫೋಟೋ ಹಿಡಿದುಕೊಂಡು ಬರುತ್ತಿದ್ದಾಳೆ. ನೋಡಿ, ಇದಲ್ಲ ಎಂದು ಮುಂದೆ ಹೋದರೆ?

“ಇಂದ್ರಿ, ತಪ್ಪಾಗಿದೆ ಕಣೇ,” ಎಂದೆ. ಹೇಳಿದೆ. ರಟ್ಟನ್ನು ಎತ್ತಿ ಮಗುಚಿ ತೋರಿಸಿದೆ. “ಇದನ್ನ ಹಿಂಗೆ ತಿರುಗಿಸಿ ಇಟ್ರೆ ಸರಿಹೋಯ್ತದೆ. ಎರಡೇ ನಿಮಿಷ. ಒರೆಸಿ ಬರ್ದುಬಿಡ್ತೀನಿ.” ಎಣ್ಣೆಬಟ್ಟೆ ಕೈಗೆತ್ತಿಕೊಂಡೆ.

ಅವಳು ನನ್ನ ಕೈ ಹಿಡಿದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕನ್ನಡಿಯನ್ನು ಹತ್ತಿರ ತಂದು ಅದರಲ್ಲಿ ಬಹಳ ಹೊತ್ತು ನೋಡಿಕೊಂಡಳು.

“ಬೇಡಕ್ಕಯ್ಯ.”

“ಹುಚ್ಚೀ, ಅವಳು ಫೋಟೋ ನೋಡಿ ಹುಡುಕ್ತಾಳೆ!”

“ಫೋಟೋದಲ್ಲಿರೋದು ಒಂದು ತಿಂಗಳಿದ್ದು ಹೋದ ನೆಂಟರು. ಇದು ಹಂಗಲ್ಲ. ಇದನ್ನ ದಿನಾ ಕೂತು ನಾನೇ ಬರ್ಕೊಂಡಿದ್ದೀನಿ. ಜ್ವರ ಬಂದಾಗ್ಲೂ ಬರ್ಕೊಂಡಿದ್ದೀನಿ. ನಮ್ಮವ್ವ ಸತ್ತ ದಿನಾನೂ ಬರ್ಕೊಂಡಿದ್ದೀನಿ. ಇವತ್ತು ಅಳಿಸಿ ಇನ್ನೊಂದು ಬರ್ಕೊಂಡು ಹೋದ್ರೆ, ಮತ್ತೆ ಯಾರೋ ಹೋದಂಗೆ ಆಯ್ತದೆ. ಒಂದ್ಸಲ ಹಂಗೆ ಹೋಗಿ ಬಂದಿದ್ದೀನಿ.”

“ಹಂಗಾದ್ರೆ ಹೆಸರು ಹೇಳ್ಬಿಡು. ಇಳಿದ ತಕ್ಷಣ ನಾನೇ ಇಂದ್ರಾಣಿ ಅನ್ನು. ಪಾಡ್ಯ ಹೆಂಗೂ.”

“ಊರೋರಿಗೆ ಹೆಸರು ಹೇಳ್ತೀನಿ. ಹೆತ್ತ ಮಗಳಿಗೂ ನಾನು ಇಂಥೋಳು ಅಂತ ಹೇಳ್ಕೋಬೇಕಾ? ಅವಳೇ ನೋಡಿ ಅಮ್ಮ ಅನ್ಲಿ. ಅಷ್ಟಕ್ಕೇ ಕಾದಿರೋದು ನಾನು.”

ಎರಡೂವರೆಗೆ ಬಸ್ ಸ್ಟ್ಯಾಂಡು ತುಂಬಿಹೋಯಿತು. ಈರಣ್ಣನ ಸೈಕಲ್ಲು ಊರೆಲ್ಲ ಸುತ್ತಿ ಬಂದಿತ್ತು. ಬಂದವರೆಲ್ಲ ಹೊಸ ಮುಖದವರು, ಹೆಸರು ಹೇಳಿಕೊಳ್ಳುತ್ತಲೇ ಬಂದರು. ಮಾಳಕ್ಕ ಮಾತ್ರ ಹೆಸರು ಹೇಳುವುದನ್ನೂ ಮರೆತು, “ಬಂತಾ ಬಸ್ಸು? ಬಂತಾ?” ಎಂದು ಜನರ ನಡುವೆ ನುಗ್ಗಿದಳು. ಅವಳ ಬಾಯಿಗೆ ಹೆದರಿ ಎಲ್ಲರಿಗೂ ಕೇಳುವಂತೆ ಹೇಳಿದೆ: “ಯಾರೂ ತೋರಿಸ್ಬಾರ್ದು. ಇಂದ್ರಿ ಮಾತು. ಹುಡುಗಿ ತಾನೇ ಗುರುತು ಹಿಡೀಬೇಕು.” ಮಾಳಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಬಸ್ಸು ಬಂತು. ಧೂಳು ಇಳಿಯುವ ಮೊದಲೇ ಅವಳು ಇಳಿದಳು. ಹಸಿರು ಚೂಡಿದಾರ, ಹೆಗಲಿಗೆ ಚೀಲ, ಕೈಯಲ್ಲಿ ಫೋಟೋ. ನನ್ನ ಕಣ್ಣು ಮೊದಲು ಹೋದದ್ದು ಅವಳ ಹೆಗಲಿಗೆ. ಬಲ ಹೆಗಲು ಎಡಕ್ಕಿಂತ ಅರ್ಧ ಬೆರಳು ಕೆಳಗೆ, ತಾಯಿಯದರ ಹಾಗೇ. ನನಗೆ ಕೂಗಿಬಿಡುವ ಆಸೆ. ನಾಲಗೆ ಕಚ್ಚಿಕೊಂಡೆ.

ಜನ ಪಾಡ್ಯದ ಕಟ್ಟು ಬಿಡುವವರಲ್ಲ. “ನಾನು ಕರಿಯಣ್ಣ, ತಾಯಿ.” “ನಾನು ಈರಣ್ಣ, ಕಾಗದ ತಲುಪಿತು.” “ನಾನು ಮಾಳಕ್ಕ…” ಎಂದವಳು ಮತ್ತೆ ಬಾಯಿ ಮುಚ್ಚಿಕೊಂಡಳು. ಹುಡುಗಿ ಬೆರಗಾಗಿ ಎಲ್ಲರಿಗೂ ಕೈ ಮುಗಿದಳು. ಮುಗಿಯುತ್ತಲೇ ಒಂದೊಂದು ಹೆಂಗಸಿನ ಮುಖ ನೋಡಿದಳು, ಫೋಟೋ ನೋಡಿದಳು, ಮುಂದೆ ಸರಿದಳು. ಹತ್ತಿರ ಬಂದಳು. ಇಂದ್ರಾಣಿ ನನ್ನ ಮುಂಗೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಹುಡುಗಿ ಅವಳ ಎದುರಿಗೆ ನಿಂತಳು. ಫೋಟೋ ನೋಡಿದಳು. ಮುಖ ನೋಡಿದಳು. ಮತ್ತೆ ಫೋಟೋ. ಉಳಿದವರನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಮಚ್ಚೆಯ ಮೇಲೆ ಕಣ್ಣು ನಿಲ್ಲಿಸಿ, ತಲೆಯನ್ನು ಮೆಲ್ಲಗೆ ಅಲ್ಲಾಡಿಸಿ, ಮುಂದೆ ಹೋದಳು.

ಸೊಂಟದಲ್ಲಿ ಸಿಕ್ಕಿಸಿದ್ದ ಎಣ್ಣೆಬಟ್ಟೆ ತೆಗೆದು, “ಇಂದ್ರಿ, ಇನ್ನೂ ಹೊತ್ತಿದೆ, ಒರೆಸ್ಕೊಳೇ,” ಎಂದೆ. ಅವಳು ನನ್ನ ಕೈಯನ್ನು ಸರಿಸಿದಳು. ಮಗಳು ಹೋದ ದಿಕ್ಕಿಗೆ ಕಾಲೆಳೆದುಕೊಂಡು ನಡೆದಳು, ನಾನೂ ಹಿಂದೆ.

ಹುಡುಗಿ ಕೊನೆಯ ಹೆಂಗಸನ್ನೂ ನೋಡಿ ಮುಗಿಸಿ, ಟಿಕೇಟು ಕೊಡುವ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ಅಮ್ಮ ಇನ್ನೂ ಬಂದಿಲ್ಲ, ಬರುತ್ತಾಳೆ ಎಂದುಕೊಂಡಿರಬೇಕು. ಫೋಟೋವನ್ನು ತೊಡೆಯ ಮೇಲಿಟ್ಟು ಚೀಲದಿಂದ ಒಂದು ಪುಟ್ಟ ದುಂಡು ಕನ್ನಡಿ ತೆಗೆದಳು. ಕರವಸ್ತ್ರದಿಂದ ಬಸ್ಸಿನ ಧೂಳು ಒರೆಸಿಕೊಂಡಳು. ಕಣ್ಣಿಗೆ ಕಾಡಿಗೆ ತೀಡಿಕೊಂಡಳು. ತಾಯಿ ನೋಡುವಾಗ ಚೆನ್ನಾಗಿ ಕಾಣಬೇಕಲ್ಲ! ಲಿಪ್‌ಸ್ಟಿಕ್ ತೆಗೆದು, ತುಟಿಗೆ ತಾಗಿಸಲು ಕನ್ನಡಿಯನ್ನು ಸ್ವಲ್ಪ ಮೇಲೆತ್ತಿದಳು.

ಕೈ ಅಲ್ಲೇ ನಿಂತಿತು.

ಕನ್ನಡಿಯಲ್ಲಿ ಅವಳ ಹೆಗಲಿನ ಮೇಲಿನಿಂದ, ಹಿಂದೆ ನಿಂತಿದ್ದ ಇಂದ್ರಾಣಿ ಕಾಣುತ್ತಿದ್ದಳು. ಕನ್ನಡಿ ಎಡವನ್ನು ಬಲ ಮಾಡುತ್ತದಲ್ಲ. ನಾನು ಇಪ್ಪತ್ತೇಳು ವರ್ಷ ತಿರುಗಿಸಿ ಬರೆಸಿದ್ದನ್ನು ಅಂಗೈಯಗಲದ ಆ ಕನ್ನಡಿ ಒಂದೇ ಗಳಿಗೆಯಲ್ಲಿ ಸೀದಾ ಮಾಡಿತ್ತು. ಹುಡುಗಿ ತೊಡೆಯ ಮೇಲಿನ ಫೋಟೋ ನೋಡಿದಳು. ಕನ್ನಡಿ ನೋಡಿದಳು. ಲಿಪ್‌ಸ್ಟಿಕ್ ಕೈಯಿಂದ ಬಿದ್ದು ಉರುಳಿತು.

“ಅಮ್ಮ,” ಎಂದಳು ಕನ್ನಡಿಗೆ. ಆಮೇಲೆ ದೊಡ್ಡದಾಗಿ, “ಅಮ್ಮಾ!” ತಿರುಗಿದಳು. ತಿರುಗಿದರೆ ಮಚ್ಚೆ ಮತ್ತೆ ಆ ಕಡೆ. ಗಾಬರಿಯಾಗಿ ಪುನಃ ಕನ್ನಡಿಗೆ ತಿರುಗಿದಳು, ಇದೆ! ಈ ಕಡೆ ತಿರುಗಿದಳು, ಇಲ್ಲ! ಮೂರನೇ ಸಲ ಕನ್ನಡಿಯನ್ನು ಕಟ್ಟೆಯ ಮೇಲೆ ಬಿಟ್ಟು ಓಡಿ ಬಂದು ತಬ್ಬಿಕೊಂಡಳು. ಇಂದ್ರಾಣಿಯ ಗಂಟಲಿನಿಂದ ಅದುವರೆಗೆ ನಾನು ಕೇಳಿರದ ಒಂದು ಸದ್ದು ಬಂತು. ಅಳುವೂ ಅಲ್ಲ, ಕೂಗೂ ಅಲ್ಲ. ಬಸ್ಸಿನ ಡ್ರೈವರ್ ಯಾಕೋ ಹಾರ್ನ್ ಒತ್ತಿದ, ಒತ್ತುತ್ತಲೇ ಇದ್ದ. ಮಾಳಕ್ಕ ಬಾಯಿಂದ ಸೆರಗು ಕಿತ್ತೆಸೆದು, “ನಾನ್ ಹೇಳ್ಲಿಲ್ಲಾ ಕಣ್ರೋ! ಒಂದು ಮಾತೂ ಹೇಳ್ಲಿಲ್ಲ!” ಎಂದು ಕರಿಯಣ್ಣನ ಬೆನ್ನಿಗೆ ಗುದ್ದಿದಳು.

ಸಂಜೆ ಇಂದ್ರಾಣಿಯ ಮನೆಯಲ್ಲಿ ಮೂವರೇ ಕೂತೆವು. ಊರಿನ ನೆಂಟರ ಸಂಗತಿಯನ್ನು ಹುಡುಗಿಗೆ ಹೇಳುವಷ್ಟರಲ್ಲಿ ಎರಡು ಸಲ ಕಾಫಿ ಆಯಿತು. ಎಲ್ಲ ಕೇಳಿದ ಮೇಲೂ ನೀಲು, “ಯಾಕಮ್ಮ ಒಂದ್ಸಲನೂ ಬರ್ಲಿಲ್ಲ?” ಎಂದಳು.

“ಬಂದಿದ್ದೆ. ನೀನು ಅಜ್ಜಿ ಸೆರಗಿನ ಹಿಂದೆ ಬಚ್ಚಿಟ್ಕೊಂಡೆ.”

ಇಂದ್ರಾಣಿ ಎದ್ದು ಬಚ್ಚಲಿಗೆ ಹೋಗಿ, ಬಾಗಿಲು ಮುಚ್ಚಿಕೊಳ್ಳದೆ, ಕಡಲೆಹಿಟ್ಟು ಹಾಕಿ ಮುಖ ತೊಳೆದಳು. ಒರೆಸಿಕೊಂಡು ಬಂದು ಮಗಳ ಎದುರು ದೀಪದ ಬೆಳಕಿಗೆ ಕೂತಳು. ಅಗಲ ಮೂಗು, ಪೊದೆ ಹುಬ್ಬು. ನೀಲು ಈ ಸಲ ಬಚ್ಚಿಟ್ಟುಕೊಳ್ಳಲಿಲ್ಲ. ಕೈ ಚಾಚಿ ಆ ಮೂಗಿನ ತುದಿ ಮುಟ್ಟಿ, “ಇವ್ರು ಯಾರಮ್ಮ?” ಎಂದಳು.

“ಈ ತಿಂಗಳ ನೆಂಟರು.”

“ನಮಸ್ಕಾರ,” ಎಂದಳು ಹುಡುಗಿ ಗಂಭೀರವಾಗಿ. ಮೂವರೂ ನಕ್ಕು ನಕ್ಕು ಸುಸ್ತಾದೆವು.

ಮಾರನೇ ದಿನ ನಾನು ಎದ್ದಾಗ ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು. ಮಗಳು ಬಂದಾಯಿತು, ಇನ್ನು ಇಂದ್ರಿಗೆ ಬಣ್ಣ ಬೇಡ, ನನಗೂ ಆ ರಟ್ಟಿನ ಕೆಲಸ ಮುಗಿಯಿತು. ಅಷ್ಟರಲ್ಲಿ ಅವಳು ರಟ್ಟು, ಕಾಡಿಗೆ, ಕನ್ನಡಿ ಎಲ್ಲ ಹಿಡಿದುಕೊಂಡು ಜಗುಲಿಗೆ ಬಂದಳು. ಹಿಂದೆ ನಿದ್ದೆಗಣ್ಣಿನ ನೀಲು.

“ಇನ್ಯಾರಿಗೇ ಇದು?” ಎಂದೆ.

“ನಂಗೆ,” ಎಂದಳು. “ರಟ್ಟಿನ ಅಂಚು ಹರಿದದೆ ಅಕ್ಕಯ್ಯ, ಹೊಸದು ಕತ್ತರಿಸ್ಕೊಡು.”

ಹೊಸ ರಟ್ಟು ತೆಗೆದು, ಹಳೆಯದನ್ನು ಅದರ ಮೇಲಿಟ್ಟು ಗೀಟು ಎಳೆದು, ಕಿಂಡಿ ಕತ್ತರಿಸಿದೆ. ಕತ್ತರಿಸಿದ ಮೇಲೆ ಕೈ ತಡೆಯಿತು. “ಈಗ್ಲಾದ್ರೂ ಒಂದು ಗುರುತು ಹಾಕಿಡ್ಬೇಕು,” ಎಂದೆ. ನಾವು ಹೊಲಿಯುವವರು ಬಟ್ಟೆಯ ಉಲ್ಟಾ ಕಡೆಗೆ ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕಿಡುತ್ತೇವೆ, ತಪ್ಪಬಾರದೆಂದು. “ದೊಡ್ಡಮ್ಮ, ಫೋಟೋ ಬೇಕಾ?” ಎಂದು ನೀಲು ಚೀಲಕ್ಕೆ ಕೈ ಹಾಕಿದಳು.

“ಬೇಡ ಬಿಡವ್ವ,” ಎಂದೆ. ಇಂದ್ರಾಣಿ ಆಗಲೇ ರಟ್ಟನ್ನು ಮುಖಕ್ಕೆ ಹಿಡಿದುಕೊಂಡು ಕೂ‌ತಿದ್ದಳು, ಮಚ್ಚೆಯ ಕಿಂಡಿ ಎಡಗೆನ್ನೆಯ ಮೇಲೆ. ಅವಳ ಕೈಯಿಂದ ಅದನ್ನು ತೆಗೆದುಕೊಂಡು, ಕೆನ್ನೆಗೆ ತಾಗಿದ್ದ ಮೈಯನ್ನು ಮೇಲೆ ಮಾಡಿದೆ. ಫೋಟೋದ ಮುಖ ಬರೆಯಬೇಕಾದರೆ ಹೊರಕ್ಕೆ ಬರಬೇಕಾಗಿದ್ದ ಮೈ ಅದು. ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಇಂಟು ಗುರುತು ಹಾಕಿದೆ. ಇದು ಉಲ್ಟಾ.